ಶಾಂತಳ್ಳಿಯ ಮಳೆಗೆ ಒಂದು ಡ್ರೈಯರ್: ನಿವೃತ್ತ ಸುಬೇದಾರನ ತಪಾಸಣಾ ವರದಿ

ಏಳು ಕಿಲೋ ಬಟ್ಟೆ ಹಿಡಿಯುವ ಡ್ರೈಯರ್ ಇದು. ತೇವ ಹೊತ್ತ ಬಿಸಿ ಗಾಳಿಯನ್ನು ಹಿಂಬದಿಯ ನಾಲ್ಕಿಂಚಿನ ಕೊಳವೆಯಿಂದ ಮನೆಯ ಹೊರಕ್ಕೆ ಊದುವ ಜಾತಿ. ಅಂಗಡಿಯವರು ವೆಂಟೆಡ್ ಎನ್ನುತ್ತಾರೆ. ಕುಶಾಲನಗರದಲ್ಲಿ ಕೊಂಡೆ, ಬೆಲೆ ಮೂವತ್ತು ಸಾವಿರದ ಆಸುಪಾಸು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಜಾತಿಯ ಯಾವ ಯಂತ್ರದ ಒಳಗೂ ಇರುವುದು ಒಂದು ಡ್ರಮ್, ಒಂದು ಹೀಟರ್, ಒಂದು ಫ್ಯಾನ್, ಒಂದು ಫಿಲ್ಟರ್. ಬಣ್ಣ, ಗುಂಡಿ, ಸ್ಟಿಕ್ಕರ್ ಮಾತ್ರ ಬೇರೆ. ಅಲ್ಲದೆ ಹೆಸರು ಬರೆದರೆ ಕಂಪನಿಗೆ ಪುಕ್ಕಟೆ ಹೊಗಳಿಕೆ ಸಿಗುತ್ತದೆ. ನಮ್ಮ ಮನೆಯಲ್ಲಿ ಹೊಗಳಿಕೆ ಎಷ್ಟು ಅಪರೂಪದ ಸರಕು ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ನಾನು ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು. ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿಯ ಕಡೆಗೆ ಹೋಗುವಾಗ ನಮ್ಮ ಮನೆ. ಒಂದಿಷ್ಟು ಕಾಫಿ, ಮೆಣಸು, ತುಂಡು ಗದ್ದೆ. ನನ್ನ ಹೆಂಡತಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಇನ್ನೂ ಸೇವೆಯಲ್ಲಿದ್ದಾಳೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ನಾನು ಪಿಂಚಣಿಯೊಂದಿಗೆ ಊರಿಗೆ ಬಂದ ಮೇಲೆ ಮನೆಗೆಲಸವನ್ನು ಹಂಚಿಕೊಂಡೆವು. ಅಡುಗೆ ಅವಳದು ಮತ್ತು ಅವ್ವನದು. ಬಟ್ಟೆ ನನ್ನದು: ಒಗೆಯುವುದು, ಒಣಗಿಸುವುದು, ಇಸ್ತ್ರಿ, ಮಡಿಸುವುದು, ಅವರವರ ಕಪಾಟಿಗೆ ಸೇರಿಸುವುದು. ನಾನೇ ಕೇಳಿ ಪಡೆದ ಜವಾಬ್ದಾರಿ. ಬ್ಯಾರಕ್ಕಿನಲ್ಲಿ ಕಿಟ್ ತಪಾಸಣೆ ಎದುರಿಸಿದವನಿಗೆ ಬಟ್ಟೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಅವಳು ಮರುಮಾತಿಲ್ಲದೆ ಒಪ್ಪಿದಳು. ಅಷ್ಟು ಸಲೀಸಾಗಿ ಏಕೆ ಒಪ್ಪಿದಳೆಂಬುದು ಜೂನ್ ತಿಂಗಳು ಬಂದಾಗ ಗೊತ್ತಾಯಿತು.

ಪುಷ್ಪಗಿರಿಯ ಬುಡದಲ್ಲಿರುವ ಊರುಗಳ ಮಳೆಯನ್ನು ಪ್ರವಾಸಿಗಳು ನೋಡುವುದು ಮಲ್ಲಳ್ಳಿ ಜಲಪಾತದ ಮೆಟ್ಟಿಲ ಮೇಲೆ ನಿಂತು. ಅವರು ಸಂಜೆಗೆ ಕಾರು ಹತ್ತಿ ಹೋಗುತ್ತಾರೆ, ಒದ್ದೆ ಬಟ್ಟೆಯನ್ನು ಬೆಂಗಳೂರಿನಲ್ಲಿ ಒಣಗಿಸಿಕೊಳ್ಳುತ್ತಾರೆ. ಇಲ್ಲಿರುವವರಿಗೆ ಆ ಸೌಲಭ್ಯ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬನಿಯನ್ನು ಮೂರನೆಯ ದಿನವೂ ತಣ್ಣಗೇ ಇರುತ್ತದೆ. ನಾಲ್ಕನೆಯ ದಿನ ಒಣಗುವುದಿಲ್ಲ, ವಾಸನೆ ಬರುತ್ತದೆ. ಆಮೇಲೆ ಕಾಲರಿನ ಒಳಗೆ ಕಪ್ಪು ಚುಕ್ಕಿ, ಬೂಷ್ಟು. ನಾನು ಲೇಹ್‌ನಲ್ಲಿ ಚಳಿಗಾಲ ಕಳೆದವನು. ಅಲ್ಲಿ ಹಗ್ಗಕ್ಕೆ ಹಾಕಿದ ಅಂಗಿ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ, ಆದರೂ ಒಣಗುತ್ತದೆ. ಗಾಳಿಗೆ ಅಷ್ಟು ಬಾಯಾರಿಕೆ. ಇಲ್ಲಿ ಚಳಿ ಕಡಿಮೆ, ಗಾಳಿಯ ಹೊಟ್ಟೆ ತುಂಬಿದೆ. ಬಟ್ಟೆಯ ನೀರನ್ನು ಅದು ಎಲ್ಲಿಗೆ ತೆಗೆದುಕೊಂಡು ಹೋಗಬೇಕು?

ಯಂತ್ರ ಬರುವ ಮೊದಲು ನಮ್ಮದೂ ಎಲ್ಲರ ಮನೆಯ ವ್ಯವಸ್ಥೆಯೇ. ಬಚ್ಚಲು ಮನೆಯಲ್ಲಿ ನೀರು ಕಾಯಿಸುವ ಹಂಡೆ, ಅದರ ಒಲೆಯ ಮೇಲ್ಗಡೆ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ಕಾಫಿ ಗಿಡ ಸವರಿದ ಕಡ್ಡಿ, ಸಿಲ್ವರ್ ಓಕ್ ತುಂಡು ಹಾಕಿ ಬೆಂಕಿ ಮಾಡಿದರೆ ಶಾಖ ಬರುವ ಮೊದಲು ಹೊಗೆ ಬರುತ್ತದೆ. ಶಾಲೆಯ ಮಕ್ಕಳೆಲ್ಲರ ಸಮವಸ್ತ್ರಕ್ಕೂ ಜುಲೈನಲ್ಲಿ ಒಂದೇ ವಾಸನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಟೀಚರ ಸೀರೆಗೂ ಅದೇ. ದಪ್ಪ ಬಟ್ಟೆಯನ್ನು ಹಂಡೆಯ ಕಂಠಕ್ಕೆ ಸುತ್ತಿ, ತೆಳು ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ, ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮರೆತರೆ ಒಂದು ಕಡೆ ಕಂದು ಬಣ್ಣ. ರಾತ್ರಿ ಮಂಚದ ಪಕ್ಕ ಕುರ್ಚಿಗಳ ಮೇಲೆ ಹರಡಿ ಫ್ಯಾನ್ ಹಾಕಬೇಕು, ಕರೆಂಟ್ ಇದ್ದರೆ. ಬೆಳಿಗ್ಗೆ ಅರ್ಧ ಹಸಿ ಇರುವುದನ್ನೇ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒಣಗಿಸಬೇಕು. ಸೇನೆಯಲ್ಲಿ ಇದಕ್ಕಿಂತ ಕಡಿಮೆ ಕೆಲಸಕ್ಕೆ ಪ್ರಶಂಸಾಪತ್ರ ಕೊಟ್ಟದ್ದನ್ನು ನಾನು ನೋಡಿದ್ದೇನೆ.

ಈಗ ಯಂತ್ರದ ಸಾಧನೆ. ಕಾಫಿ ತೂಗುವ ತಕ್ಕಡಿ ಮನೆಯಲ್ಲೇ ಇರುವುದರಿಂದ ತೂಗಿಯೇ ನೋಡಿದೆ. ಒಣಗಿದ್ದಾಗ ನಾಲ್ಕು ಕಿಲೋ ಇರುವ ಬಟ್ಟೆ, ವಾಷಿಂಗ್ ಮೆಷಿನ್ನಿನಲ್ಲಿ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ ಹಿಂಡಿದ ಮೇಲೆ ಆರು ಕಿಲೋ ಚಿಲ್ಲರೆ ಬರುತ್ತದೆ. ಅಂದರೆ ಎರಡು ಲೀಟರಿಗೂ ಮಿಕ್ಕ ನೀರು ಇನ್ನೂ ಬಟ್ಟೆಯೊಳಗೆ ಕೂತಿದೆ. ಡ್ರೈಯರ್ ಅದನ್ನು ಸುಮಾರು ಎಂಬತ್ತು ನಿಮಿಷದಲ್ಲಿ ಹೊರಗಟ್ಟುತ್ತದೆ. ಮೀಟರಿನಲ್ಲಿ ಓಡಿದ್ದು ಎರಡೂವರೆ ಯೂನಿಟ್ ಹತ್ತಿರ. ಒಂದು ಲೀಟರ್ ನೀರನ್ನು ಆವಿ ಮಾಡಲು ಭೌತಶಾಸ್ತ್ರವೇ ಸುಮಾರು 0.63 ಯೂನಿಟ್ ಕೇಳುತ್ತದೆ. ಅದಕ್ಕಿಂತ ಕಡಿಮೆಗೆ ಹೀಟರಿನ ಯಾವ ಡ್ರೈಯರೂ ಒಣಗಿಸಲಾರದು. ಆದ್ದರಿಂದ ಕೊಳ್ಳುವವರಿಗೆ ನನ್ನ ಮೊದಲ ಸಲಹೆ: ಡ್ರೈಯರಿಗಿಂತ ಮುಂಚೆ ನಿಮ್ಮ ವಾಷಿಂಗ್ ಮೆಷಿನ್ ಎಷ್ಟು ಜೋರಾಗಿ ಹಿಂಡುತ್ತದೆ ಎಂದು ನೋಡಿಕೊಳ್ಳಿ. ತಿರುಗಿಸಿ ತೆಗೆಯುವ ನೀರಿಗೆ ತಗಲುವ ಕರೆಂಟ್ ಲೆಕ್ಕಕ್ಕೇ ಇಲ್ಲ, ಕಾಯಿಸಿ ತೆಗೆಯುವ ನೀರಿಗೆ ದುಡ್ಡು ಬೀಳುತ್ತದೆ.

ಹೀಟ್ ಪಂಪ್ ಎನ್ನುವ ಇನ್ನೊಂದು ಜಾತಿ ಇದೆ. ಒಳಗಿನ ಶಾಖವನ್ನೇ ಮತ್ತೆ ಮತ್ತೆ ಬಳಸಿಕೊಂಡು ಇದರ ಅರ್ಧದಷ್ಟು ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತದೆ, ಹೊರಗೆ ಕೊಳವೆಯೂ ಬೇಡ. ಬೆಲೆ ಹೆಚ್ಚು, ಸಮಯವೂ ಹೆಚ್ಚು. ಹೋಂಸ್ಟೇ ಇಟ್ಟುಕೊಂಡು ದಿನವೂ ಹಾಸಿಗೆ ಬಟ್ಟೆ ಒಗೆಯುವವರು ಅದನ್ನೇ ಕೊಳ್ಳಲಿ. ನಮಗೆ ನಾಲ್ಕು ತಿಂಗಳ ಕೆಲಸ. ಉಳಿದ ದಿನ ಕಾಫಿ ಕಣದ ಅಂಚಿನಲ್ಲಿ ಬಿಸಿಲು ಬಿಟ್ಟಿ ಸಿಗುತ್ತದೆ.

ಬಿಲ್ಲಿನ ವಿಷಯವನ್ನು ಎಲ್ಲರೂ ಕೇಳುತ್ತಾರೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತವೆಂದು ಕುಣಿದುಕೊಂಡು ಯಂತ್ರ ಕೊಳ್ಳಬೇಡಿ. ಪ್ರತಿ ಮನೆಗೆ ಸಿಗುವುದು 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಮಾತ್ರ. ಅದನ್ನು ದಾಟಿದರೆ ಹೆಚ್ಚುವರಿಗೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದು. ನಮ್ಮದು ಸಣ್ಣ ಮನೆ, ಸರಾಸರಿ ಕಡಿಮೆ ಇತ್ತು, ಆದ್ದರಿಂದ ಡ್ರೈಯರ್ ತಿನ್ನುವ ಯೂನಿಟ್ಟುಗಳೆಲ್ಲ ಹೆಚ್ಚುವರಿಯ ಲೆಕ್ಕಕ್ಕೇ ಬರುತ್ತವೆ. ಆದರೂ ಮಳೆಗಾಲದ ಸೌದೆಯ ಬೆಲೆಗೆ ಹೋಲಿಸಿದರೆ ನನಗೆ ನಷ್ಟ ಕಾಣುವುದಿಲ್ಲ.

ಜಾಗ ಹಿಡಿಸುವಾಗ ಗಮನಿಸಬೇಕಾದದ್ದು ಕೊಳವೆ. ಅದು ಗೋಡೆಯನ್ನೋ ಕಿಟಕಿಯನ್ನೋ ದಾಟಿ ಹೊರಗೆ ಹೋಗಲೇಬೇಕು. ಮನೆಯೊಳಗೇ ಬಿಟ್ಟರೆ ಬಟ್ಟೆಯ ಬೂಷ್ಟು ಗೋಡೆಗೆ ವರ್ಗವಾಗುತ್ತದೆ, ಅಷ್ಟೇ. ಎರಡು ಸಾವಿರ ವಾಟ್ ದಾಟುವ ಹೀಟರಾದ್ದರಿಂದ ದಪ್ಪ ಕಾಲಿನ ಪ್ಲಗ್ಗು, ಪ್ರತ್ಯೇಕ ತಂತಿ, ಸರಿಯಾದ ಅರ್ಥಿಂಗ್ ಬೇಕು. ಮನೆಯ ಇನ್ವರ್ಟರಿನಲ್ಲಿ ಇದನ್ನು ಓಡಿಸುವ ಆಸೆ ಬಿಟ್ಟುಬಿಡಿ.

ಕರೆಂಟ್ ಹೋದಾಗ ಏನು ಮಾಡಬೇಕೆಂಬುದನ್ನು ಅಂಗಡಿಯವನು ಹೇಳಲಿಲ್ಲ, ಕೈಪಿಡಿ ಹೇಳುತ್ತದೆ, ಕೈಪಿಡಿಯನ್ನು ನನ್ನಂಥವರು ಬಿಟ್ಟರೆ ಯಾರೂ ಓದುವುದಿಲ್ಲ. ಯಂತ್ರ ಕೊನೆಯ ಕೆಲವು ನಿಮಿಷ ಹೀಟರ್ ಆರಿಸಿ ತಣ್ಣನೆಯ ಗಾಳಿಯಲ್ಲಿ ಬಟ್ಟೆಯನ್ನು ತಿರುಗಿಸುತ್ತದೆ. ನಮ್ಮ ಕಡೆ ಮರ ಬಿದ್ದು ನಡುವೆ ಕರೆಂಟ್ ಹೋದರೆ ಆ ತಣಿಸುವ ಹಂತ ತಪ್ಪುತ್ತದೆ, ಕಾದ ಬಟ್ಟೆ ಮುದ್ದೆಯಾಗಿ ಒಳಗೇ ಉಳಿಯುತ್ತದೆ. ಅದು ಅಪಾಯ. ಕೂಡಲೇ ಬಾಗಿಲು ತೆಗೆದು, ಬಟ್ಟೆಯನ್ನು ಹೊರಗೆಳೆದು ಹರಡಬೇಕು. ಕಳೆ ಹೊಡೆಯುವ ಯಂತ್ರದ ಪೆಟ್ರೋಲು, ಎಣ್ಣೆ ಸಿಡಿದ ಪ್ಯಾಂಟನ್ನು ಇದರೊಳಗೆ ಹಾಕಲೇಬಾರದು. ರೈನ್‌ಕೋಟ್ ಸಹ ಬೇಡ, ರಬ್ಬರು ಲೇಪ ಇರುವ ಯಾವುದೂ ಬೇಡ. ಉಣ್ಣೆಯ ಜರ್ಸಿ ಹಾಕಿದರೆ ಅದು ಮೊಮ್ಮಕ್ಕಳ ಅಳತೆಗೆ ಬರುತ್ತದೆ. ಅವ್ವನ ರೇಷ್ಮೆ ಸೀರೆಯ ಹತ್ತಿರ ಯಂತ್ರವನ್ನು ಸುಳಿಯಗೊಡುವುದಿಲ್ಲ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಫಿಲ್ಟರ್ ಹೊರಗೆಳೆದು ಅದಕ್ಕಂಟಿದ ನೂಲಿನ ಜುಂಗನ್ನು ಬೆರಳಿನಿಂದ ಬಳಿದು ತೆಗೆಯಬೇಕು. ಕಟ್ಟಿಕೊಂಡರೆ ಗಾಳಿ ಓಡುವುದಿಲ್ಲ, ಬಟ್ಟೆ ಒಣಗಲು ಎರಡರಷ್ಟು ಹೊತ್ತು, ಬೆಂಕಿಯ ಭಯ ಬೇರೆ. ಈ ಕೆಲಸವನ್ನು ಮಾಡುವವನು ಮನೆಯಲ್ಲಿ ಒಬ್ಬನೇ. ಮಾಡುತ್ತಿದ್ದಾನೆಂದು ಗೊತ್ತಿರುವವನೂ ಅವನೊಬ್ಬನೇ.

ಇಷ್ಟೆಲ್ಲ ಹೇಳಿದ ಮೇಲೂ ಯಂತ್ರದ ಬಗ್ಗೆ ನನಗೊಂದು ತಕರಾರು ಇದೆ. ಕೆಲಸ ಮುಗಿದೊಡನೆ ಅದು ಹಾಡುತ್ತದೆ. ಬಟ್ಟೆಯನ್ನು ಅದಕ್ಕೆ ತುಂಬಿದವನು ನಾನು, ಸಾಕ್ಸ್‌ಗಳ ಒಳಮೈ ಹೊರಗೆ ಮಾಡಿದವನು ನಾನು, ದಪ್ಪ ಟವೆಲ್ಲು ತೆಳು ಬ್ಲೌಸು ಬೇರೆ ಬೇರೆ ಮಾಡಿದವನೂ ನಾನು. ಆದರೆ ಮನೆಗೆಲ್ಲ ಕೇಳುವಂತೆ ‘ಆಯಿತು’ ಎಂದು ಸಾರುವುದು ಅದು. ಅವ್ವ ಒಳಗಿನಿಂದ ಕೂಗುತ್ತಾಳೆ: “ಪಾಪ, ಮೆಷಿನ್ ಕರೆಯುತ್ತಿದೆ ನೋಡು.” ಮೊದಲ ವಾರ ಮಗಳು ರಜೆಗೆ ಬಂದಾಗ ಬೆಚ್ಚಗಿನ ಟವೆಲ್ಲನ್ನು ಕೆನ್ನೆಗೆ ಒತ್ತಿಕೊಂಡು ‘ಎಷ್ಟು ಒಳ್ಳೆಯ ಮೆಷಿನ್!’ ಎಂದಳು. ಪಕ್ಕದಲ್ಲಿ ಟವೆಲ್ ಮಡಿಸುತ್ತ ನಿಂತವನನ್ನು ಮೆಷಿನ್ನಿನ ಬಿಡಿಭಾಗ ಎಂದುಕೊಂಡಳೋ ಏನೋ.

ನನಗೆ ಹೊಗಳಿಕೆ ಬೇಕು. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ತಪಾಸಣೆಯ ದಿನ ಸಾಹೇಬರು ಸಾಲಿನುದ್ದಕ್ಕೂ ನಡೆದು ಬಂದು, ನನ್ನ ಕಿಟ್ ಮುಂದೆ ಒಂದು ಕ್ಷಣ ನಿಂತು ‘ಶಾಬಾಶ್’ ಎಂದರೆ ಇಡೀ ವಾರದ ಕೆಲಸ ಹಗುರವಾಗುತ್ತಿತ್ತು. ಆ ಮಾತಿಗೆ ಸಂಬಳ ಹೆಚ್ಚುತ್ತಿರಲಿಲ್ಲ. ಯಾರೋ ಕಣ್ಣಿಟ್ಟು ನೋಡಿದ್ದಾರೆ, ಹಾಸಿಗೆಯ ಅಂಚು ನೇರವಾಗಿರುವುದು ಅವರಿಗೆ ಕಂಡಿದೆ ಎಂಬುದೇ ಸಾಕಿತ್ತು. ಮನೆಯಲ್ಲಿ ಕಪಾಟು ತೆರೆಯುತ್ತಾರೆ, ಬಟ್ಟೆ ತೆಗೆಯುತ್ತಾರೆ, ಕಪಾಟು ಮುಚ್ಚುತ್ತಾರೆ. ಒಳಗೆ ಬಟ್ಟೆ ಇರುವುದು ಗೋಡೆಯಲ್ಲಿ ಇಟ್ಟಿಗೆ ಇರುವಷ್ಟೇ ಸಹಜ. ಒಮ್ಮೆ ನಾನೇ ಬಾಯಿ ಬಿಟ್ಟು ಕೇಳಿದೆ. ಹೆಂಡತಿ ಶಾಲೆಗೆ ಹೊರಟು ನಿಂತಿದ್ದಳು, ಗರಿಗರಿಯಾದ ಸೀರೆ ಉಟ್ಟಿದ್ದಳು, ಹೊರಗೆ ಧೋ ಎಂದು ಸುರಿಯುತ್ತಿತ್ತು.

“ಹೇಗಿದೆ ಸೀರೆ?”

“ಒಣಗಿದೆ,” ಎಂದಳು. ಕೊಡೆ ಬಿಚ್ಚಿ ಹೋದಳು.

ಹೊರಗಿನಿಂದ ಬರುವ ಹೊಗಳಿಕೆಗೆ ಬರವಿಲ್ಲ, ಅದನ್ನೂ ಹೇಳಬೇಕು. ಸಂಘದ ಸಭೆಗೆ ಬಂದ ಹೆಂಗಸರು ನಾನು ಇಸ್ತ್ರಿ ಮಾಡುವುದನ್ನು ನೋಡಿ ನನ್ನ ಹೆಂಡತಿಗೆ ಹೇಳುತ್ತಾರೆ: “ಪುಣ್ಯ ಮಾಡಿದ್ದೀರಿ ಟೀಚರ್, ಇಂಥವರು ಎಲ್ಲಿ ಸಿಗುತ್ತಾರೆ!” ಅವ್ವನಿಗೆ ಮಗ ಬಟ್ಟೆ ಒಗೆಯುವುದು ಮೊದಲು ನಾಚಿಕೆಯಾಗಿತ್ತು, ಈಗ ಬಂದವರಿಗೆಲ್ಲ ಕರೆದು ತೋರಿಸುವ ಪ್ರದರ್ಶನವಾಗಿದೆ. ನನಗೆ ಅದು ಕೇಳಲು ಹಿತವೇ. ಆದರೆ ಆ ಹೆಂಗಸರು ಗೇಟು ದಾಟಿದ ಮೇಲೆ ನನ್ನ ಹೆಂಡತಿ ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತ ಒಂದು ಮಾತು ಹೇಳಿದಳು: “ನೀವು ಬಟ್ಟೆ ಒಣಗಿಸಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ನಾನು ಒಣಗಿಸುತ್ತಿದ್ದದ್ದು ಹಂಡೆಗೆ ಮಾತ್ರ ಗೊತ್ತಿತ್ತು.”

ಇದಕ್ಕೆ ಮಗಳು ಮೈಸೂರಿನಿಂದ ಮೊಬೈಲಿಗೆ ಅಂಕಿಅಂಶ ಕಳಿಸಿ ತಾಯಿಯ ಪಕ್ಷ ಸೇರಿದಳು. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ 2019ರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಅದು 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರೂ ಸುಮ್ಮನಿರದೆ ಒಂಬತ್ತು ನಿಮಿಷ ಉಳಿಸಿಕೊಂಡರು. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ. ಕೈಯನ್ನೇ ಹಾಕದವರು ಈ ಲೆಕ್ಕದೊಳಗಿಲ್ಲ. ಒಗೆತದ ದಿನಗಳಲ್ಲಿ ನಾನು 97 ನಿಮಿಷವನ್ನು ಸುಲಭವಾಗಿ ದಾಟುತ್ತೇನೆ, ಯಂತ್ರ ತಾನೇ ತಿರುಗುವ ಹೊತ್ತನ್ನು ಸೇರಿಸದೆ. ಇದನ್ನು ಬರೆದು ಕಳಿಸಿದೆ. ಮಗಳು ಹೆಬ್ಬೆರಳಿನ ಚಿಹ್ನೆಯೊಂದನ್ನು ಕಳಿಸಿದಳು. ಶಾಬಾಶ್ ಎಂದೇ ಅದನ್ನು ಪರಿಗಣಿಸಿದ್ದೇನೆ.

ಆಗಸ್ಟಿನಲ್ಲಿ ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದ ಒಂದು ದಿನ ನನ್ನ ಹೆಂಡತಿ ಸಹೋದ್ಯೋಗಿಯೊಬ್ಬರ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದಳು. ಅವರ ಮನೆಯಲ್ಲಿ ಸ್ವಾತಂತ್ರ್ಯ ದಿನದ ಬಿಳಿ ಬಟ್ಟೆ ಒಣಗುತ್ತಿಲ್ಲವಂತೆ. “ಇಲ್ಲಿಗೆ ಕಳಿಸಿಕೊಡಿ, ನಮ್ಮವರು ಒಣಗಿಸಿ ಇಸ್ತ್ರಿ ಮಾಡಿ ಕೊಡುತ್ತಾರೆ, ಬಹಳ ಅಚ್ಚುಕಟ್ಟು,” ಎಂದಳು. ನಾನು ಬಾಗಿಲ ಈಚೆ ದಿಂಬಿನ ಚೀಲಗಳನ್ನು ಹಿಡಿದು ನಿಂತಿದ್ದೆ. ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಬಹಳ ಅಚ್ಚುಕಟ್ಟು ಎಂಬ ಎರಡು ಶಬ್ದವನ್ನು ಯಾರಿಗೋ ಫೋನಿನಲ್ಲಿ ಹೇಳಬಹುದು, ಇಲ್ಲೇ ಇರುವವನಿಗೆ ಹೇಳಲು ಏನು ಅಡ್ಡಿ? ಕೇಳಿಯೇ ಬಿಟ್ಟೆ.

ಅವಳು ಫೋನ್ ಮೇಜಿನ ಮೇಲಿಟ್ಟಳು. “ನೀವು ಜಬಲ್‌ಪುರದಿಂದ, ಲೇಹ್‌ನಿಂದ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಿರಿ. ಕಾಫಿ ಎಷ್ಟು ಮೂಟೆ ಆಯಿತು ಎಂದು ಕೇಳುತ್ತಿದ್ದಿರಿ, ಹಸು ಕರು ಹಾಕಿತೇ ಎಂದು ಕೇಳುತ್ತಿದ್ದಿರಿ. ರಜೆಗೆ ಬಂದಾಗ ಮಡಿಸಿಟ್ಟ ಬಟ್ಟೆಯನ್ನು ಉಟ್ಟುಕೊಂಡು ಹೋಗುತ್ತಿದ್ದಿರಿ. ಆ ಪತ್ರಗಳು ಇನ್ನೂ ಪೆಟ್ಟಿಗೆಯಲ್ಲಿವೆ. ಅಚ್ಚುಕಟ್ಟು ಎಂಬ ಪದ ಎಲ್ಲಾದರೂ ಇದೆಯೇ, ತೆಗೆದು ನೋಡುತ್ತೀರಾ?”

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ವಾರಂಟಿಯ ವಿಷಯ ಹೇಳಿಬಿಡುತ್ತೇನೆ. ವಾರಂಟಿ ಕಾರ್ಡಿನ ಜೊತೆ ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಮೋಟಾರಿಗೆ ಒಂದು ಅವಧಿ, ಉಳಿದ ಭಾಗಗಳಿಗೆ ಒಂದು ಅವಧಿ ಎಂದು ಬೇರೆ ಬೇರೆ ಬರೆದಿರುತ್ತಾರೆ, ದೊಡ್ಡ ಅಕ್ಷರದಲ್ಲಿರುವುದು ಮೋಟಾರಿನದು ಮಾತ್ರ. ಡ್ರಮ್ಮನ್ನು ತಿರುಗಿಸುವ ಬೆಲ್ಟು ಸವೆಯುವ ವಸ್ತು. ನಮ್ಮದು ಒಮ್ಮೆ ಕಿರುಗುಟ್ಟಲು ಶುರುವಾಗಿ ದೂರು ಕೊಟ್ಟೆ. ಈ ಮಳೆಯಲ್ಲಿ ಇಷ್ಟು ದೂರ ಬರಲು ಸರ್ವಿಸಿನವರು ಬಹಳ ದಿನ ಸತಾಯಿಸಿದರು. ಕೊನೆಗೆ ಒಬ್ಬ ಹುಡುಗ ಬೈಕಿನಲ್ಲಿ ನೆನೆದುಕೊಂಡು ಬಂದ. ಕೆಲಸ ಚೆನ್ನಾಗಿ ಮಾಡಿದ, ಬೇಗ ಮಾಡಿದ. ಅವನ ಒದ್ದೆ ಜಾಕೆಟ್ಟನ್ನು ಹಂಡೆ ಒಲೆಯ ಹತ್ತಿರ ನೇತು ಹಾಕಿದೆ, ಯಂತ್ರಕ್ಕೆ ಹಾಕಲಿಲ್ಲ, ಒಳಗೆ ರಬ್ಬರು ಲೇಪ ಇತ್ತು. ಹೊರಡುವಾಗ ಸ್ವಲ್ಪವೂ ಸಂಕೋಚವಿಲ್ಲದೆ ಕೇಳಿದ: “ಸಾರ್, ಮೊಬೈಲಿಗೆ ಮೆಸೇಜ್ ಬರುತ್ತದೆ, ಐದು ಸ್ಟಾರ್ ಕೊಟ್ಟುಬಿಡಿ.”

ಕೊಟ್ಟೆ. ಕೇಳಿದ್ದರಿಂದಲೇ ಕೊಟ್ಟೆ, ಕೇಳದಿದ್ದರೆ ಮೆಸೇಜನ್ನು ತೆರೆದೂ ನೋಡುತ್ತಿರಲಿಲ್ಲ. ಒಂದು ಬೆಲ್ಟು ಬದಲಿಸಿದವನು ಧೈರ್ಯವಾಗಿ ಕೇಳಬಹುದಾದರೆ, ಇಡೀ ಮಳೆಗಾಲ ಒಂದು ಮನೆಯನ್ನು ಒಣಗಿಸಿದವನಿಗೆ ಏನು ನಾಚಿಕೆ?

ಆ ರಾತ್ರಿ ಊಟವಾದ ಮೇಲೆ, ಪತ್ರಗಳ ಪೆಟ್ಟಿಗೆಯನ್ನು ತೆರೆಯುವ ಪ್ರಸ್ತಾಪ ಮತ್ತೆ ಏಳುವ ಮೊದಲು, ನಾನು ಹೆಂಡತಿಯನ್ನು ಕೂರಿಸಿ ಐದರಲ್ಲಿ ಎಷ್ಟು ಕೊಡುತ್ತೀಯೆ ಎಂದು ಕೇಳಿದೆ. ಅವಳು ಉತ್ತರಪತ್ರಿಕೆ ತಿದ್ದುವಾಗಿನ ಮುಖ ಮಾಡಿ ಸ್ವಲ್ಪ ಯೋಚಿಸಿದಳು. ಮೂರು ಎಂದಳು. ಸೀರೆಗಳನ್ನು ಸೇನೆಯ ಕಂಬಳಿಯ ಹಾಗೆ ಚೌಕವಾಗಿ ಮಡಿಸುತ್ತೇನಂತೆ, ನಿರಿಗೆ ಹಿಡಿಯುವ ಜಾಗದಲ್ಲೇ ಗೆರೆ ಬೀಳುತ್ತದಂತೆ. ಅದಕ್ಕೆ ಒಂದು ಕಡಿತ. ಇನ್ನೊಂದು ಯಾವುದಕ್ಕೆ ಎಂದೆ. ಕೇಳಿದ್ದಕ್ಕೆ ಎಂದಳು.

ಹಾಗಾದರೆ ನಿನಗೆ ನಾನು ಎಷ್ಟು ಕೊಡಬೇಕು ಎಂದೆ. “ನನ್ನದು ಹಳೆಯ ಬಾಕಿ, ಬಡ್ಡಿ ಹಾಕಿ ಲೆಕ್ಕ ಮಾಡಿ ನಿಧಾನವಾಗಿ ಹೇಳಿ,” ಎಂದು ದೀಪ ಆರಿಸಿದಳು.

ಲೆಕ್ಕ ನಡೆಯುತ್ತಿದೆ. ಈ ನಡುವೆ ಸೀರೆಯನ್ನು ಉದ್ದಕ್ಕೆ ಮಡಿಸಿ ಹ್ಯಾಂಗರಿಗೆ ಹಾಕುವುದನ್ನು ಅವಳಿಂದಲೇ ಕಲಿತಿದ್ದೇನೆ, ಮುಂದಿನ ಮೌಲ್ಯಮಾಪನ ದೀಪಾವಳಿಗೆ ಎಂದು ಹೇಳಿದ್ದಾಳೆ. ಡ್ರೈಯರ್ ಕೊಳ್ಳಬಹುದೇ ಎಂದು ಕೇಳುವವರಿಗೆ: ಮಳೆ ಹೆಚ್ಚಿರುವ ಶಾಂತಳ್ಳಿ, ಭಾಗಮಂಡಲ, ಮಡಿಕೇರಿಯ ಕಡೆಯವರಾದರೆ ಕಣ್ಣು ಮುಚ್ಚಿಕೊಂಡು ಕೊಳ್ಳಿ, ಕುಶಾಲನಗರದ ಬಯಲು ಸೀಮೆಯವರಿಗೆ ಬೇಡ, ಅಲ್ಲಿ ಫ್ಯಾನ್ ಸಾಕು. ಹಾಡನ್ನು ಬಂದ್ ಮಾಡುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ನನ್ನ ಕಡೆಯಿಂದ ಐದರಲ್ಲಿ ಮೂರೂವರೆ. ನನ್ನ ಹೆಂಡತಿ ಯಂತ್ರಕ್ಕೆ ನಾಲ್ಕು ಕೊಟ್ಟಿದ್ದಾಳೆ.